ಸುತ್ತಿಗೆ ಹುಡುಕಲು ಹೋದಾಗ

1992ರ ನವೆಂಬರ್. ಇಂಗ್ಲೆಂಡಿನ ಸಫೋಕ್‌ನ ಹಾಕ್ಸನ್ ಹಳ್ಳಿ. ಸ್ನೇಹಿತ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆ ಹುಡುಕಲು ಎರಿಕ್ ಲಾಸ್ ಮೆಟಲ್ ಡಿಟೆಕ್ಟರ್ ಹಿಡಿದು ಹೊರಟರು. ನಿವೃತ್ತಿಯ ಹೊತ್ತಿನಲ್ಲಿ ಉಡುಗೊರೆಯಾಗಿ ಬಂದ ಯಂತ್ರವದು. ಸಿಕ್ಕಿದ್ದು ಸುಮಾರು 15,000 ರೋಮನ್ ನಾಣ್ಯಗಳಿದ್ದ ನಿಧಿ! ಪೂರ್ತಿ ಅಗೆಯದೆ ಸುದ್ದಿ ಮುಟ್ಟಿಸಿದರು, ಹಾಗಾಗಿ ಪುರಾತತ್ತ್ವಜ್ಞರಿಗೆ ಯಾವ ವಸ್ತು ಎಲ್ಲಿತ್ತೆಂದು ತಿಳಿಯಿತು. ಸುತ್ತಿಗೆಯೂ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಮೊದಲ ಸಲ ಡಿಟೆಕ್ಟರ್ ಕೊಳ್ಳುವವರು ಕೇಳುವುದು ‘ಎಷ್ಟು ಆಳದವರೆಗೆ ಹಿಡಿಯುತ್ತೆ?’ ಎಂದು. ಅದಕ್ಕಿಂತ ಮುಖ್ಯವಾದದ್ದು, ನೆಲದಡಿ ಇರುವುದು ಯಾವ ಲೋಹವಿರಬಹುದೆಂದು ಸೂಚಿಸಲು ಪರದೆಯ ಮೇಲೆ ಮೂಡುವ ಸಂಖ್ಯೆ. ಕಬ್ಬಿಣದ ಮೊಳೆಗೆ ಚಿಕ್ಕ ಸಂಖ್ಯೆ, ದಪ್ಪ ಬೆಳ್ಳಿ ನಾಣ್ಯಕ್ಕೆ ದೊಡ್ಡದು. ನಡುವೆಯೇ ತೊಡಕು: ಅಮೆರಿಕದ ಐದು ಸೆಂಟ್ ನಾಣ್ಯವೂ ಪಾನೀಯದ ಹಳೆಯ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರವೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸುತ್ತವೆ. ಕಸ ಬೇಡವೆಂದು ಆ ಸಂಖ್ಯೆಯನ್ನು ತಡೆದರೆ ನಾಣ್ಯವೂ ತಪ್ಪಿಹೋಗುತ್ತದೆ.

ಹೊಸಬರಿಗೆ ಹಗುರವಾದ, ಸದ್ದು ಸ್ಪಷ್ಟವಾಗಿರುವ, ಬಟನ್‌ಗಳು ಕಡಿಮೆಯಿರುವ ಯಂತ್ರವೇ ಸರಿ. ಜೊತೆಗೆ ವಸ್ತುವಿರುವ ಜಾಗವನ್ನು ನಿಖರವಾಗಿ ತೋರಿಸುವ ಪುಟ್ಟ ಕೈಯಂತ್ರ, ಪಿನ್‌ಪಾಯಿಂಟರ್ ಇದ್ದರೆ ಅಗೆಯುವ ಗುಂಡಿ ಚಿಕ್ಕದಾಗುತ್ತದೆ, ನಾಣ್ಯಕ್ಕೆ ಸನಿಕೆಯ ಏಟೂ ತಪ್ಪುತ್ತದೆ.

ನಮ್ಮಲ್ಲಂತೂ ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಉಳುವಾಗಲೋ ಪಾಯ ತೋಡುವಾಗಲೋ ಹಳೇ ನಾಣ್ಯ ಸಿಕ್ಕವರು ನಿಮ್ಮೂರಲ್ಲಿ ಇದ್ದಾರಾ? ಆಮೇಲೆ ಅದು ಎಲ್ಲಿಗೆ ಹೋಯಿತು?