ಮಾತು ಬಲಿಯುವ ವಯಸ್ಸು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಎಂಟನೇ ತರಗತಿಯವರಿಗೆ ಕೊಟ್ಟಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: ಹಿತ್ತಲಲ್ಲಿ ಕೋಳಿ, ನಾಯಿ ಓಡಾಡುತ್ತವೆ, ಪಾತ್ರೆ ತೊಳೆದ ನೀರೂ ಅಲ್ಲಿಗೇ ಹೋಗುತ್ತದೆ, ಆದ್ದರಿಂದ ಅಲ್ಲಿ ಬೆಳೆದ ಗಿಡವನ್ನು ಔಷಧಿಗೆ ಬಳಸಬಾರದು. ಅವಳ ತರ್ಕದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಅದೇ ಹುಡುಗಿ ಹತ್ತನೇ ತರಗತಿಗೆ ಬಂದ ಮೇಲೆ ಅದೇ ಗಾದೆ ಮತ್ತೆ ಬಂತು. ಈ ಸಲ ಗಿಡದ ಸುದ್ದಿಯೇ ಇಲ್ಲ. ಅವಳ ಅಜ್ಜಿ ಎಷ್ಟೋ ಹೆಂಗಸರ ಬಾಣಂತನ ಮಾಡಿದವರಂತೆ. ಪಕ್ಕದೂರಿನವರು ಗಾಡಿ ತಂದು ಕರೆದುಕೊಂಡು ಹೋಗುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಅವರು ಬಾಯಿ ತೆರೆದರೆ ‘ನಿಂಗೇನ್ ಗೊತ್ತು, ಸುಮ್ನಿರು’ ಎನ್ನುತ್ತಾರಂತೆ. ‘ನಾನೂ ಹಾಗೆ ಅಂದಿದ್ದೇನೆ’ ಎಂದು ಉತ್ತರ ಮುಗಿಸಿದ್ದಳು.

ಗಾದೆಯ ಅರ್ಥವನ್ನು ನಾನು ಎಂಟರಲ್ಲೇ ಹೇಳಿಕೊಟ್ಟಿದ್ದೆ. ಆದರೆ ಅರ್ಥ ತಿಳಿದ ಮಾತ್ರಕ್ಕೆ ಗಾದೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂತ ಅಜ್ಜಿಯನ್ನು ಮುಟ್ಟುವುದಿಲ್ಲ. ಅದಕ್ಕೆ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವ ಶಕ್ತಿ ಬರಬೇಕು. ಅದು ಬರುವುದು ಈ ವಯಸ್ಸಿನಲ್ಲೇ.

ಮಗು ಶಾಲೆಗೆ ಸೇರುವಷ್ಟರಲ್ಲಿ ಮಾತು ಕಲಿತಾಯಿತು, ಇನ್ನುಳಿದದ್ದು ಕಾಗುಣಿತ ಎಂದೇ ಹೆಚ್ಚಿನವರ ಎಣಿಕೆ. ಭಾಷಾವಿಜ್ಞಾನಿ ಎರಿಕ್ ಲೆನ್ನೆಬರ್ಗ್ 1967ರ ತಮ್ಮ ಪುಸ್ತಕದಲ್ಲಿ ಮೊದಲ ಭಾಷೆ ಸಹಜವಾಗಿ ಮೈಗೂಡುವ ಕಾಲಕ್ಕೆ ಹರೆಯದ ಹೊಸ್ತಿಲನ್ನೇ ಗಡಿಯಾಗಿ ಹಾಕಿದ್ದರು. ಆದರೆ ಅದು ಭಾಷೆ ಮೈಗೂಡುವ ವಿಚಾರ. ಮೈಗೂಡಿದ ಭಾಷೆ ಬಲಿಯುವುದಕ್ಕೆ ಇನ್ನೂ ಬಹಳ ವರ್ಷ ಬೇಕು. ಉದ್ದನೆಯ ವಾಕ್ಯವನ್ನು ಎಡವದೆ ಮುಗಿಸುವುದು, ನುಡಿಗಟ್ಟಿನ ಒಳಗನ್ನು ಹಿಡಿಯುವುದು, ಯಾರ ಮುಂದೆ ಯಾವ ಮಾತು ಎಂದು ಅರಿಯುವುದು, ಇವೆಲ್ಲ ಹದಿಹರೆಯದ ಉದ್ದಕ್ಕೂ ನಡೆಯುವ ಕೆಲಸ.

ಈ ಕೊನೆಯದನ್ನು ನಾನು ತರಗತಿಯಲ್ಲೇ ಕಂಡಿದ್ದೇನೆ. ಎಂಟರಲ್ಲಿ ಒಬ್ಬ ಹುಡುಗನ ತಂದೆ ತೀರಿಕೊಂಡರು. ಅವನು ಶಾಲೆಗೆ ಮರಳಿದಾಗ ಅಷ್ಟು ಜನ ಗೆಳೆಯರಲ್ಲಿ ಒಬ್ಬರೂ ಹತ್ತಿರ ಸುಳಿಯಲಿಲ್ಲ. ಪ್ರೀತಿ ಇಲ್ಲವೆಂದಲ್ಲ, ಏನು ಹೇಳಬೇಕೆಂದು ತೋಚಲಿಲ್ಲ. ಅದೇ ಮಕ್ಕಳು ಹತ್ತರಲ್ಲಿದ್ದಾಗ ಇನ್ನೊಬ್ಬಳ ಮನೆಯಲ್ಲಿ ಸಾವಾಯಿತು. ಅವಳು ಬಂದ ದಿನ ಪಕ್ಕದಲ್ಲಿ ಕೂರುವವಳು ‘ಸೈನ್ಸ್ ನೋಟ್ಸ್ ನಿಂದೂ ಬರೆದಿಟ್ಟಿದೀನಿ ಕಣೇ, ಯಾವಾಗ ಬೇಕೋ ಆವಾಗ ತಗೋ’ ಎಂದಳು. ಸಾವಿನ ಹೆಸರೆತ್ತಲಿಲ್ಲ. ಹೇಳಬೇಕಾದ್ದೆಲ್ಲ ಹೇಳಿದ್ದಳು.

ಇಂಥ ಹೊತ್ತಿನಲ್ಲೇ ನಾವು ಇವರ ಕೈಗೆ ಗೈಡು ಕೊಡುತ್ತೇವೆ ಎಂಬುದು ನನ್ನ ಸಂಕಟ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಗಾದೆ ವಿಸ್ತರಣೆ ಇರುತ್ತದೆ. ‘ಗಾದೆಗಳು ವೇದಕ್ಕೆ ಸಮಾನ’ ಎಂದು ಶುರು ಮಾಡಿ ಬಾಯಿಪಾಠದ ಸಾಲುಗಳನ್ನು ಇಳಿಸಿದರೆ ಅಂಕಕ್ಕೆ ಮೋಸವಿಲ್ಲ. ಅಜ್ಜಿಯ ಬಗ್ಗೆ ಬರೆಯಬಲ್ಲ ಹುಡುಗಿ ವೇದಕ್ಕೆ ಸಮಾನ ಎಂದು ಬರೆದು ಏಳುತ್ತಾಳೆ. ಅಂಕಕ್ಕಿಂತ ದೊಡ್ಡದೊಂದು ಅಲ್ಲಿ ಹೋಯಿತು.

ಪೋಷಕರ ಸಭೆಯಲ್ಲಿ ಕೇಳಿಬರುವ ದೂರು ಇನ್ನೊಂದು. ‘ಮನೇಲಿ ಬಾಯೇ ಬಿಡಲ್ಲ ಮಿಸ್. ಏನ್ ಕೇಳಿದ್ರೂ ಹೂಂ, ಇಲ್ಲ, ಗೊತ್ತಿಲ್ಲ, ಇಷ್ಟೇ.’ ಒಂಬತ್ತನೇ ತರಗತಿಯ ಒಬ್ಬ ಹುಡುಗನ ತಾಯಿ ಹೀಗಂದಾಗ ನನಗೆ ಅಚ್ಚರಿಯಾಯಿತು, ಏಕೆಂದರೆ ಅದೇ ವಾರ ಆಟದ ಬಯಲಿನಲ್ಲಿ ಅವನು ನನಗೆ ಕಬಡ್ಡಿ ವಿವರಿಸಿದ್ದ. ‘ಎದುರಿಗೆ ಆರು ಜನ ಇದ್ರೆ ಮಾತ್ರ ಬೋನಸ್ ಸಿಗೋದು ಮಿಸ್, ಐದಾದ್ರೆ ಗೆರೆ ದಾಟಿ ಬಂದ್ರೂ ಪಾಯಿಂಟ್ ಇಲ್ಲ. ಮೂರೇ ಜನ ಉಳಿದಾಗ ರೈಡರ್‌ನ ಹಿಡಿದ್ರೆ ಅವರಿಗೆ ಒಂದು ಪಾಯಿಂಟ್ ಜಾಸ್ತಿ. ಅದು ಗೊತ್ತಿರೋದ್ರಿಂದ ಒಳಗೆ ಹೋದೋನು ಒಂದೊಂದ್ಸಲ ಸುಮ್ನೆ 30 ಸೆಕೆಂಡ್ ಕಳೆದು ವಾಪಸ್ ಬರ್ತಾನೆ. ನೋಡೋರು ಹೆದರ್ಕೊಂಡ ಅಂತಾರೆ, ಅವನು ಹೆದರಿರಲ್ಲ.’ ಷರತ್ತು, ಅಪವಾದ, ಕಾರಣ, ರೈಡರ್‌ನ ಮನಸ್ಸಿನಲ್ಲಿ ಏನಿದೆ, ನೋಡುವವರ ಮನಸ್ಸಿನಲ್ಲಿ ಏನಿದೆ, ಎಲ್ಲವನ್ನೂ ಒಂದರೊಳಗೊಂದು ಹೆಣೆದು ಹೇಳಿದ್ದ. ವ್ಯಾಕರಣದ ಪೀರಿಯಡ್‌ನಲ್ಲಿ ಅವನಿಂದ ಇಂಥ ವಾಕ್ಯ ಹೊರಡಿಸಲು ನನ್ನಿಂದ ಆಗಿರಲಿಲ್ಲ.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಮೆರಿಲಿನ್ ನಿಪ್ಪೋಲ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಅಳೆದು ತೋರಿಸಿದ್ದಾರೆ. ಮಕ್ಕಳು, ಹದಿಹರೆಯದವರು, ದೊಡ್ಡವರು, ಎಲ್ಲರನ್ನೂ ಮಾತಿಗೆ ಕೂರಿಸಿದರು. ಸಾಮಾನ್ಯ ಹರಟೆಗಿಂತ ತಮ್ಮ ಮೆಚ್ಚಿನ ಆಟವನ್ನು ವಿವರಿಸುವಾಗ ಅವರ ವಾಕ್ಯಗಳು ಉದ್ದವಾಗಿದ್ದವು, ಹೆಣಿಗೆ ಬಿಗಿಯಾಗಿತ್ತು. ಆ ಬೆಳವಣಿಗೆ ಹರೆಯವನ್ನೂ ದಾಟಿ ಇಪ್ಪತ್ತರ ವಯಸ್ಸಿನವರೆಗೂ ಸಾಗುತ್ತದೆಂದೂ ಕಂಡರು. ‘ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ’ ಎಂಬ ಪ್ರಶ್ನೆಗೆ ಹೂಂ ಎಂಬುದೇ ಸರಿಯಾದ ಉತ್ತರ, ಅದಕ್ಕಿಂತ ಹೆಚ್ಚಿನದು ಅಲ್ಲಿ ಬೇಕಾಗಿಯೂ ಇಲ್ಲ. ಕೇಳುವವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂದಾಗಲೇ ಹದಿನಾಲ್ಕರ ಹುಡುಗ ಪೂರ್ತಿ ಮಾತಾಡುವುದು.

ಆ ತಾಯಿಗೆ, ‘ಇವತ್ತು ಕಬಡ್ಡಿ ಬಗ್ಗೆ ಕೇಳಿ ನೋಡಿ’ ಎಂದೆ.

‘ಅಯ್ಯೋ, ನಂಗೆ ಕಬಡ್ಡಿ ಏನೂ ಗೊತ್ತಿಲ್ಲ ಮಿಸ್.’

‘ಗೊತ್ತಿಲ್ಲ ಅಂತಲೇ ಹೇಳಿ, ಅವನೇ ಹೇಳಿಕೊಡ್ಲಿ’ ಎಂದೆ.