ಕಡಂಗದ ನೆರಳಿನಲ್ಲಿ

ನಮ್ಮ ಹೆಮ್ಮರಗಾಲ ಬಯಲುನಾಡಿನ ಊರು. ಸಂತಾನ ವೇಣುಗೋಪಾಲಸ್ವಾಮಿಯ ದರ್ಶನಕ್ಕೆಂದು ದೂರದೂರುಗಳ ಜನ ಇಲ್ಲಿಗೆ ಬರುತ್ತಾರೆ. ನಾವು ಮಾತ್ರ ನಂಜನಗೂಡಿನ ತೇರು, ಸುತ್ತೂರಿನ ಜಾತ್ರೆ ಬಿಟ್ಟರೆ ಊರಿನಿಂದಾಚೆ ಹೆಚ್ಚು ಕಾಲಿಟ್ಟವರಲ್ಲ. ಇಂಥ ಮನೆಯ ಹಿರಿಯ ಮಗಳಾದ ನನ್ನ ಅಕ್ಕನನ್ನು ಕೊಡಗಿನ ಬೆಟ್ಟದ ಮೇಲಿನ ಮನೆಗೆ ಕೊಡಲು ನಿಶ್ಚಯಿಸಿದಾಗ ಅವ್ವ ಕಣ್ಣೀರಿಟ್ಟರು. ಅಪ್ಪಾಜಿ ಮಾತ್ರ, "ಅದು ನಮ್ಮವರು ಆಳಿದ ಸೀಮೆ. ಹಾಲೇರಿಯ ಹತ್ತಿರದ ಮನೆ. ಯೋಚಿಸಬೇಡ" ಎಂದು ಸಮಾಧಾನ ಹೇಳಿದ್ದರು.

ಅಪ್ಪಾಜಿಯವರ ಮಾತಿನಲ್ಲಿ ಸತ್ಯವಿತ್ತು. ಇಕ್ಕೇರಿಯ ಅರಸು ಮನೆತನದ ವೀರರಾಜನೆಂಬಾತ ಜಂಗಮ ವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿ, ಜನರ ವಿಶ್ವಾಸ ಗಳಿಸಿ, ಕೊಡಗಿನ ಲಿಂಗಾಯತ ಅರಸುಮನೆತನಕ್ಕೆ ಮೂಲಪುರುಷನಾದನೆಂದು ಪರಂಪರೆ ಹೇಳುತ್ತದೆ. 1681ರಲ್ಲಿ ಮುದ್ದುರಾಜನು ರಾಜಧಾನಿಯನ್ನು ಮಡಿಕೇರಿಗೆ ಸಾಗಿಸಿದನು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸುವವರೆಗೂ ಆ ಮನೆತನವೇ ಆ ನಾಡನ್ನು ಆಳಿತು. ಮಡಿಕೇರಿಯ ರಾಜರ ಗದ್ದುಗೆಯಲ್ಲಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು ಇಂದಿಗೂ ಇವೆ.

ಕೊಡಗಿನ ಹಳ್ಳಿಗಳಿಗೆ ನಮ್ಮ ಕಡೆಯ ಕೋಟೆಗಳಂತೆ ಕಲ್ಲಿನ ಗೋಡೆಯಿರಲಿಲ್ಲ. ಆಳವಾದ ಕಂದಕ ತೋಡಿ, ತೆಗೆದ ಮಣ್ಣನ್ನು ಪಕ್ಕದಲ್ಲಿಯೇ ಏರಿಯಾಗಿ ಪೇರಿಸಿ, ಬೆಟ್ಟದ ಏರಿಳಿತಗಳನ್ನು ಅನುಸರಿಸಿ ಮೈಲಿಗಟ್ಟಲೆ ಸಾಗಿದ ಈ ರಕ್ಷಣೆಗೆ ಅಲ್ಲಿ ಕಡಂಗವೆಂದು ಹೆಸರು. ಅಕ್ಕನ ಮನೆಯ ತೋಟದ ಮೇಲಂಚಿನಲ್ಲಿಯೂ ಅಂಥದೊಂದು ಹಳೆಯ ಕಡಂಗವಿದೆ. ಅದರ ಏರಿಯ ಮೇಲೆ ಮರಗಳು ದಟ್ಟವಾಗಿ ಬೆಳೆದಿವೆ. ಮದುವೆಯಾದ ಹೊಸತರಲ್ಲಿ ಭಾವನವರು ನನ್ನನ್ನು ಕರೆದೊಯ್ದು ತೋರಿಸಿ, "ಇಲ್ಲಿ ಕತ್ತಿ ಹಾಕುವುದಿಲ್ಲ, ಹಿರಿಯರು ಕಟ್ಟಿದ್ದು" ಎಂದಿದ್ದರು.

ಈಗ ನನ್ನ ತಪ್ಪಿನ ಮಾತನ್ನು ಹೇಳಬೇಕು. ಇಷ್ಟು ವರ್ಷ ಯಾರಲ್ಲಿಯೂ ಹೇಳಿಕೊಂಡವನಲ್ಲ.

2014ರ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಕಾಫಿ ಒಣಗಿಸಲು ಕಣ ಸಾಲದೆಂದು ಭಾವನವರು ಕೊರಗುತ್ತಿದ್ದರು. ಮನೆಯ ಹಿಂದಿನ ಬರೆಯನ್ನು ಕಡಿದು ನೆಲ ಸಮಮಾಡಿದರೆ ವಿಶಾಲವಾದ ಕಣವಾಗುತ್ತದೆಂದು ಉತ್ಸಾಹದಿಂದ ಹೇಳಿದವನು ನಾನು. ಬಯಲಿನಲ್ಲಿ ಹುಟ್ಟಿ ಬೆಳೆದವನಿಗೆ ಇಳಿಜಾರೆಂದರೆ ವ್ಯರ್ಥವಾಗಿ ಬಿದ್ದ ನೆಲವೆಂದೇ ತೋರುತ್ತದೆ. ಆ ವರ್ಷ ಕಬ್ಬಿನ ಹಣ ಕೈಯಲ್ಲಿತ್ತು. ತವರಿನ ಉಡುಗೊರೆಯೆಂದು ಜೆಸಿಬಿ ಯಂತ್ರದ ಬಾಡಿಗೆಯನ್ನು ನಾನೇ ಕೊಟ್ಟೆ. ಎರಡು ದಿನಗಳಲ್ಲಿ ಬರೆ ನೇರ ಗೋಡೆಯಂತಾಯಿತು. ಅಕ್ಕ ಮಾತ್ರ, "ಮರದ ಬೇರೆಲ್ಲ ಹೊರಗೆ ಬಂತಲ್ಲಪ್ಪ" ಎಂದಳು. ನಾನು ನಕ್ಕು ಸುಮ್ಮನಾದೆ.

2018ರ ಆಗಸ್ಟ್ ತಿಂಗಳಿನಲ್ಲಿ ಆ ಮಳೆ ಬಂದಿತು. ಮಕ್ಕಂದೂರು, ಹಟ್ಟಿಹೊಳೆ, ಎರಡನೇ ಮೊಣ್ಣಂಗೇರಿ, ಜೋಡುಪಾಲ ಮುಂತಾದ ಕಡೆಗಳಲ್ಲಿ ಬೆಟ್ಟಗಳು ಜಾರಿ, ತೋಟ, ಮನೆ, ರಸ್ತೆಗಳನ್ನು ಕೊಚ್ಚಿಕೊಂಡು ಹೋದವು. ಅದೇ ದಿನಗಳಲ್ಲಿ ನಮ್ಮ ಕಪಿಲೆಯೂ ಉಕ್ಕಿ ಹರಿದು, ಮಲ್ಲನಮೂಲೆಯ ಬಳಿ ಮೈಸೂರಿನ ಹೆದ್ದಾರಿ ಮುಳುಗಿತ್ತು. ಅಕ್ಕನ ದೂರವಾಣಿ ಮೂರು ದಿನ ಮೂಕವಾಗಿತ್ತು. ನಾಲ್ಕನೆಯ ದಿನ ಪರಿಹಾರ ಕೇಂದ್ರದಿಂದ ಅವಳ ದನಿ ಕೇಳಿಸಿತು. "ಎಲ್ಲರೂ ಇದ್ದೇವಪ್ಪ. ಮನೆ ಹೋಯಿತು. ಹಿಂದಿನ ಬರೆ ಬಂದುಬಿಟ್ಟಿತು." ಯಾವ ಬರೆಯೆಂದು ನಾನು ಕೇಳಲಿಲ್ಲ.

ಮುಂದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಕೊಡಗಿನ ಕುಸಿತಗಳನ್ನು ಪರಿಶೀಲಿಸಿ, ಅತಿಯಾದ ಮಳೆಯೊಡನೆ ಮನೆ, ರಸ್ತೆ, ತೋಟಗಳಿಗಾಗಿ ಇಳಿಜಾರುಗಳನ್ನು ಕಡಿದದ್ದೂ ಕಾರಣವೆಂದು ತಿಳಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಇಳಿಜಾರಿನ ಬುಡವನ್ನು ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನೀರು ಕುಡಿದು ಭಾರವಾದ ಮಣ್ಣು ತನ್ನ ತೂಕಕ್ಕೇ ಜಾರುತ್ತದೆ. ಆ ರಾತ್ರಿ ಊಟ ಸೇರಲಿಲ್ಲ.

2020ರ ಜೂನ್‌ನಲ್ಲಿ ಮಾದಾಪುರದ ಸಮೀಪದ ಜಂಬೂರಿನಲ್ಲಿ 380ಕ್ಕೂ ಹೆಚ್ಚು ಸಂತ್ರಸ್ತ ಕುಟುಂಬಗಳಿಗೆ ಹೊಸ ಮನೆಗಳನ್ನು ಹಸ್ತಾಂತರಿಸಿದರು. ಅಕ್ಕನಿಗೂ ಒಂದು ದೊರೆಯಿತು. ಗೃಹಪ್ರವೇಶಕ್ಕೆ ಕರೆದಳು. ಸಾಂಕ್ರಾಮಿಕದ ನೆಪ ಹೇಳಿದೆ. ಅನಂತರ ಮಳೆಯ ನೆಪ, ಕೊಯ್ಲಿನ ನೆಪ. 2024ರ ಜುಲೈ 30ರಂದು, ನಮ್ಮ ಕಪಿಲೆ ಹುಟ್ಟುವ ವಯನಾಡು ಜಿಲ್ಲೆಯಲ್ಲಿಯೇ ಬೆಟ್ಟ ಜಾರಿ 250ಕ್ಕೂ ಹೆಚ್ಚು ಜನ ಮಡಿದಾಗ ಮನಸ್ಸು ತಡೆಯಲಿಲ್ಲ. ಮುಂದಿನ ಕಾರ್ತಿಕದಲ್ಲಿ ಒಂದು ಗೊನೆ ರಸಬಾಳೆ, ಎರಡು ಸೇರು ಅವರೆಕಾಳು ಕಟ್ಟಿಕೊಂಡು ಹೊರಟೆ. ಅಕ್ಕ ಭಾವಂದಿರನ್ನು ಹೆಮ್ಮರಗಾಲಕ್ಕೇ ಕರೆತಂದು, ನನ್ನ ಪಾಲಿನ ಜಮೀನಿನಲ್ಲಿ ಮನೆ ಕಟ್ಟಿಕೊಡಬೇಕೆಂದು ಸಂಕಲ್ಪ ಮಾಡಿದ್ದೆ.

ಜಂಬೂರಿನ ಹೊಸ ಊರು ಅಚ್ಚುಕಟ್ಟಾಗಿದೆ. ಸಾಲಾಗಿ ನಿಂತ ಒಂದೇ ಅಳತೆಯ ಮನೆಗಳು. ಎರಡು ಕೋಣೆ, ಪಡಸಾಲೆ, ಅಡುಗೆಮನೆ. ಮೊದಲು ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಇಡೀ ತೋಟವಿದ್ದವರು ಈಗ ಗೋಡೆಗೆ ಗೋಡೆ ಹತ್ತಿರವಾಗಿದ್ದಾರೆ. ಅಕ್ಕ ಬಾಗಿಲಲ್ಲಿಯೇ ನಿಂತಿದ್ದಳು. ಕಾಲಿಗೆ ನೀರು ಕೊಟ್ಟಳು, "ದಾರಿ ಗೊತ್ತಾಯಿತೇನಪ್ಪ?" ಎಂದಳು. ಅಷ್ಟೇ.

ಪೂಜೆ, ಪ್ರಸಾದ ಮುಗಿದ ಮೇಲೆ ನನ್ನ ಸಂಕಲ್ಪವನ್ನು ತಿಳಿಸಿದೆ. ಅಕ್ಕ ತಲೆಯಾಡಿಸಿದಳು. "ಆ ರಾತ್ರಿ ಉಟ್ಟ ಬಟ್ಟೆ, ಎದೆಯ ಮೇಲಿನ ಲಿಂಗ, ಇಷ್ಟೇ ತಂದದ್ದು. ಅಷ್ಟು ಸಾಕೆಂದು ಆಗಲೇ ಗೊತ್ತಾಯಿತು. ಇಲ್ಲಿ ಸೋಮವಾರ ಸಂಜೆ ನಾಲ್ಕು ಮನೆಯ ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂತು ವಚನ ಹೇಳುತ್ತೇವೆ. ಎಲ್ಲ ಮತದವರೂ ಬರುತ್ತಾರೆ. ಉಳಿದ ತೋಟ ಅಲ್ಲಿದೆ. ಬಿಟ್ಟು ಎಲ್ಲಿಗೆ ಬರಲಿ?"

ಆಗ ತಡೆಯಲಾರದೆ ಕಣದ ಮಾತು ತೆಗೆದೆ. ಗಂಟಲು ಕಟ್ಟಿತು. ಭಾವನವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಹಣ ಕೊಟ್ಟವರು ನೀವು, ಕಡಿಸಿದವನು ನಾನು. ನಿಮಗೆ ಬೆಟ್ಟ ತಿಳಿಯದು, ನನಗೆ ತಿಳಿದಿತ್ತು. ನನ್ನ ಪಾಲೇ ದೊಡ್ಡದು" ಎಂದರು.

ಮರುದಿನ ಮೂವರೂ ಬಸ್ಸಿನಲ್ಲಿ ಹಳೆಯ ತೋಟಕ್ಕೆ ಹೋದೆವು. ಮನೆಯಿದ್ದ ಜಾಗದಲ್ಲಿ ಕೆಂಪು ಮಣ್ಣಿನ ಗಾಯ ಇನ್ನೂ ಪೂರ್ತಿಯಾಗಿ ಮಾಯ್ದಿರಲಿಲ್ಲ. ಮೇಲೆ ನೋಡಿದೆ. ಕುಸಿತವು ನಾವು ಕಡಿದ ಬರೆಯಿಂದ ಆರಂಭವಾಗಿ ಕೆಳಗಿಳಿದಿತ್ತು. ಕತ್ತಿ ತಾಗದ ಕಡಂಗ ಮಾತ್ರ ತನ್ನ ಮರಗಳೊಡನೆ ಹಾಗೆಯೇ ನಿಂತಿತ್ತು. ಅದೂ ಮನುಷ್ಯರೇ ಅಗೆದು ಪೇರಿಸಿದ ಮಣ್ಣು. ಆದರೆ ಅದನ್ನು ಬೇರುಗಳು ಹಿಡಿದುಕೊಳ್ಳುವಂತೆ ತಲೆಮಾರುಗಳ ಜನ ಬಿಟ್ಟಿದ್ದರು.

ಅಕ್ಕ ಆ ಗಾಯದ ಅಂಚಿನಲ್ಲಿ ಸಾಲುಸಾಲಾಗಿ ಲಾವಂಚ ನೆಟ್ಟಿದ್ದಳು. ಅದರ ಬೇರು ಆಳಕ್ಕಿಳಿದು ಮಣ್ಣನ್ನು ಬಿಗಿಹಿಡಿಯುತ್ತದಂತೆ. ಇನ್ನೆರಡು ಸಾಲು ಬಾಕಿಯಿತ್ತು. ಗುದ್ದಲಿಯನ್ನು ನನ್ನ ಕೈಗೆ ಕೊಟ್ಟು, "ಆಳ ತೋಡಬೇಡ, ಬುಡ ಮುಚ್ಚುವಷ್ಟು ಸಾಕು" ಎಂದಳು. ಮಧ್ಯಾಹ್ನದವರೆಗೆ ನೆಟ್ಟೆವು. ನನ್ನ ಹಣದಲ್ಲಿ ಕಡಿದ ನೆಲಕ್ಕೆ ನನ್ನ ಕೈಯಿಂದ ಸಂದದ್ದು ಅಷ್ಟೇ.

ಬಂಧುಗಳೇ, ನಮ್ಮಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಈಗ ಮಲೆನಾಡಿನಲ್ಲಿದ್ದಾರೆ. ಅವರ ಮನೆಗೆ ಹೋದಾಗ ಕಣ, ಶೆಡ್ಡು, ರಸ್ತೆ ಎಂದು ಬರೆ ಕಡಿಯುವ ಮಾತು ಬಂದರೆ, ಕೊಡುಗೈಗಿಂತ ಮೊದಲು ವಿವೇಕವನ್ನು ಬಳಸಿ. ಅಲ್ಲಿನ ಹಿರಿಯರನ್ನು ಕೇಳಿ. ಮನೆಯ ಹೆಣ್ಣುಮಕ್ಕಳು ಬೇರು ಹೊರಗೆ ಬಂತೆಂದಾಗ ನಗಬೇಡಿ. ನಾನು ನಕ್ಕಿದ್ದೆನಾದ್ದರಿಂದ ಈ ಮಾತನ್ನು ಬರೆಯಬೇಕಾಯಿತು.