ಮೂರು ಹಾಳೆಗಳ ಒಂದು ಲೆಕ್ಕ

ಮನೆಯ ಲೆಕ್ಕವನ್ನು ಒಬ್ಬರೇ ಬರೆಯುತ್ತಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕುವುದು ಸುಲಭ. ಮೂವರು ಮೂರು ಊರುಗಳಲ್ಲಿ ಕುಳಿತು ಬರೆದುದನ್ನು ಒಂದುಗೂಡಿಸುವಾಗಲೇ ಕಷ್ಟವು ತಲೆದೋರುವುದು. ಹೋದ ವರ್ಷದ ಕೊನೆಯಲ್ಲಿ ನಮಗಾದ ಅನುಭವವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ವೃದ್ಧರಾದ ನಮ್ಮ ತಾಯಿಯವರು ಮೈಸೂರಿನಲ್ಲಿ ನಮ್ಮೊಡನೆ ಇದ್ದಾರೆ. ಅವರ ಔಷಧೋಪಚಾರಕ್ಕೆಂದು ಧಾರವಾಡದ ಅಕ್ಕನವರೂ ಪುಣೆಯ ತಮ್ಮನೂ ನಾವೂ ತಿಂಗಳಿಗೆ ೪,೦೦೦ ರೂಪಾಯಿಗಳನ್ನು ತಂತಮ್ಮಲ್ಲಿಯೇ ತೆಗೆದಿರಿಸುವುದೆಂದು ಗೊತ್ತುಮಾಡಿಕೊಂಡಿದ್ದೆವು. ಗೂಗಲ್ ಶೀಟ್ಸಿನ ಒಂದೇ ಕಡತದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಪ್ರತಿಯೊಂದರಲ್ಲಿಯೂ ತಾರೀಕು, ಹೆಸರು, ವಿವರ, ಮೊತ್ತ ಎಂಬ ನಾಲ್ಕು ಅಂಕಣಗಳು.

ಇಂತಹ ಹಾಳೆಗಳನ್ನು ಕೂಡಿಸಲು ಅದರಲ್ಲಿ ಕ್ವೆರಿ ಎಂಬ ಸೂತ್ರವುಂಟು. ಹಾಳೆಗಳ ವಿಳಾಸಗಳನ್ನು ಪುಷ್ಪಾವರಣದೊಳಗೆ ಬರೆದು ನಡುವೆ ಅರ್ಧವಿರಾಮವನ್ನಿಟ್ಟರೆ ಕೋಷ್ಟಕಗಳು ಒಂದರ ಕೆಳಗೊಂದು ನಿಲ್ಲುತ್ತವೆ. ಅಲ್ಪವಿರಾಮವನ್ನಿಟ್ಟರೆ ಒಂದರ ಮಗ್ಗುಲಿಗೊಂದು. ಬಳಿಕ ತಾರೀಕಿಲ್ಲದ ಸಾಲುಗಳನ್ನು ಬಿಟ್ಟು ಹೆಸರುಹೆಸರಿಗೆ ಮೊತ್ತವನ್ನು ಕೂಡೆಂದು ಆಜ್ಞಾಪಿಸಬಹುದು. ಅಲ್ಲಿ ಅಂಕಣಗಳನ್ನು ಒಂದನೆಯದು, ಎರಡನೆಯದು ಎಂದು ಕ್ರಮಸಂಖ್ಯೆಯಿಂದಲೇ ಕರೆಯುವುದರಿಂದ ಎಲ್ಲ ಹಾಳೆಗಳಲ್ಲಿಯೂ ಅವುಗಳ ಕ್ರಮವು ಒಂದೇ ಆಗಿರಬೇಕು.

ನಾವು ಹಾಗೆಯೇ ಮಾಡಿದೆವು. ಕ್ಷಣಮಾತ್ರದಲ್ಲಿ ಉತ್ತರ ಬಂದಿತು: ಅಕ್ಕನವರದು ೪೮,೦೦೦, ನಮ್ಮದು ೪೮,೦೦೦, ತಮ್ಮನದು ೧೨,೦೦೦! ಯಂತ್ರವೇ ಹೇಳಿದ ಮೇಲೆ ಸಂಶಯವೇನು? ದೂರದ ಊರು ಸೇರಿದವನಿಗೆ ತಾಯಿಯ ನೆನಪೇಕೆ ಎಂಬ ಮಾತು ಮನಸ್ಸಿಗೆ ಬಂದಿತು. ಬಂದುದಷ್ಟೇ ಅಲ್ಲ, ಅದನ್ನು ಅವನಿಗೆ ಬರೆದೂ ಆಗಿತ್ತು. ಕಳುಹಿಸುವ ಮೊದಲು ಅಕ್ಕನವರಿಗೆ ಫೋನಿನಲ್ಲಿ ಓದಿಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಹಾಳೆ ತೆಗೆದು ನೋಡಿದೆಯೇನಪ್ಪ?" ಎಂದರು.

ನೋಡಿರಲಿಲ್ಲ. ನೋಡಿದಾಗ ಹನ್ನೆರಡು ತಿಂಗಳ ಹಣವೂ ಅಲ್ಲಿದ್ದಿತು. ಮೊದಲ ಮೂರು ತಿಂಗಳು ಬರಿಯ ಅಂಕಿಗಳನ್ನು ಬರೆದವನು, ಏಪ್ರಿಲಿನಿಂದ, ಅಂದವಾಗಿರಲೆಂದು, ಅಂಕಿಯ ಬಳಿಕ 'ರೂ.' ಎಂದು ಸೇರಿಸಿದ್ದನು. ಅಕ್ಷರ ಸೇರಿದೊಡನೆ ಸಂಖ್ಯೆಯು ಬರಹವಾಯಿತು. ಒಂದು ಅಂಕಣದಲ್ಲಿ ಸಂಖ್ಯೆಯೂ ಬರಹವೂ ಬೆರೆತಿದ್ದರೆ, ಯಾವುದು ಹೆಚ್ಚೋ ಅದೇ ಆ ಅಂಕಣದ ಜಾತಿ, ಕಡಿಮೆಯಿರುವುದು ಬರಿದೆಂದೇ ಲೆಕ್ಕ. ಇದು ಕ್ವೆರಿಯ ನಿಯಮ. ನಮ್ಮ ೩೬ ಸಾಲುಗಳಲ್ಲಿ ೨೭ ಸಂಖ್ಯೆಗಳು, ೯ ಬರಹಗಳು. ಬಹುಮತವು ಗೆದ್ದಿತು, ತಮ್ಮನ ಒಂಬತ್ತು ತಿಂಗಳುಗಳು ಸದ್ದಿಲ್ಲದೆ ಲೆಕ್ಕದಿಂದ ಬಿಟ್ಟುಹೋದವು. ಈ ನಿಯಮವನ್ನು ಯಾರೂ ಮುಚ್ಚಿಟ್ಟಿಲ್ಲ. ಓದದೆ ಹೋದುದು ನಮ್ಮ ತಪ್ಪು.

'ರೂ.' ಎಂಬುದನ್ನು ತೆಗೆದೊಡನೆ ಮೂವರದೂ ಸಮವಾಗಿ ಒಟ್ಟು ೧,೪೪,೦೦೦ ಆಯಿತು. ಅಂದಿನಿಂದ ಮೊತ್ತವನ್ನು ನಂಬುವ ಮೊದಲು ತಾರೀಕುಗಳೆಷ್ಟು, ಮೊತ್ತಗಳೆಷ್ಟು ಎಂದು ಅದೇ ಸೂತ್ರದಿಂದ ಎಣಿಸಿಕೊಳ್ಳುತ್ತೇವೆ. ಅಂದು ಎಣಿಸಿದ್ದರೆ ೩೬ ಮತ್ತು ೨೭ ಎಂದು ಬಂದು ನಮ್ಮನ್ನು ಎಚ್ಚರಿಸುತ್ತಿತ್ತು. ಒಂದು ಮನೆಯ ಲೆಕ್ಕವನ್ನು ಕೂಡಿಸುವವರು ಇಷ್ಟು ಶ್ರಮವನ್ನಾದರೂ ವಹಿಸಬೇಕು.

ಬರೆದುದನ್ನು ಅಳಿಸಿಹಾಕಿದೆವು. ಸಂಕ್ರಾಂತಿಗೆ ಬಂದ ತಮ್ಮನು ತಾಯಿಯವರ ಕೈಯಿಂದ ಎಳ್ಳು ಬೆಲ್ಲ ತೆಗೆದುಕೊಂಡು, "ಲೆಕ್ಕ ಸರಿಹೋಯಿತೇ ಅಣ್ಣ?" ಎಂದು ಕೇಳಿದನು.

"ನಿನ್ನ ಲೆಕ್ಕ ಸರಿಯಾಗಿಯೇ ಇತ್ತಪ್ಪ" ಎಂದೆವು.